ಮೂರನೇ ಬೇಸಿನ ಬಳಿ ಹಿಡಿದ ಚೆಂಡು

ಸೌತ್ ಸಿ, ನೈರೋಬಿ
ಗುರುವಾರ, ೧೪ ಆಗಸ್ಟ್ ೨೦೨೫

ಪ್ರೀತಿಯ ಸುಜೂ,

ಹೇಗಿದ್ದೀಯಪ್ಪ? ಮೊಣಕಾಲು ಹೇಗಿದೆ? ಮೈಸೂರಿನಲ್ಲಿ ಮಳೆ ಬಿಟ್ಟೂ ಬಿಡದೆ ಹಿಡಿದಿದೆ ಎಂದು ಕೋಕಿಲಾ ಅತ್ತೆ ಹೇಳಿದಳು. ಥಂಡಿ ಬಿದ್ದ ಕೂಡಲೇ ನಿನ್ನ ಎಡಗಾಲು ಮುಷ್ಕರ ಹೂಡುವುದು ನನಗೆ ಗೊತ್ತಿಲ್ಲದ್ದೇನಲ್ಲ. ಅವರ ಮನೆಯ ಮಹಡಿ ಮೆಟ್ಟಿಲು ಕಡಿದು. ಕೆಳಗಿನ ಕೋಣೆಯಲ್ಲೇ ಮಲಗು. ಮೆಟ್ಟಿಲು ಹತ್ತಲು ಹಿಂಜರಿದರೆ ಯಾರೂ ನಗುವುದಿಲ್ಲ, ಬಿದ್ದರೆ ನಗುತ್ತಾರೆ. ನಾನು ಆರಾಮಾಗಿದ್ದೇನೆ. ಬಿ.ಪಿ. ಮಾತ್ರೆ ತಪ್ಪಿಸುತ್ತಿಲ್ಲ. ಉಪ್ಪನ್ನು ಮಾತ್ರ ನಾಲಿಗೆ ಕೇಳಿದಷ್ಟು ಹಾಕಿಕೊಳ್ಳುತ್ತೇನೆ, ಅದನ್ನು ಡಾಕ್ಟರಿಗೆ ಹೇಳುವುದಿಲ್ಲ. ಇಲ್ಲಿಯ ಚಳಿ ಈ ಸಲ ಆಗಸ್ಟ್ ಅರ್ಧ ಕಳೆದರೂ ಜಾಗ ಖಾಲಿ ಮಾಡುತ್ತಿಲ್ಲ. ಶಾಲೆಗಳಿಗೆ ರಜೆ, ಹಾಗಾಗಿ ನಮ್ಮ ಶೆಡ್ಡಿನಲ್ಲಿ ಯೂನಿಫಾರ್ಮಿನ ಕೆಲಸ ಜೋರು. ಬೆಳಗ್ಗೆಯಿಂದ ಮಷೀನಿನ ಸದ್ದು ಕಿವಿಯಲ್ಲಿ ನಿಂತು, ಊಟಕ್ಕೆ ಕೂತಾಗಲೂ ಬಿಡುವುದಿಲ್ಲ. ನನಗೆ ಅದು ಸಂಗೀತ. ಸದ್ದು ನಿಂತರೆ ಎದೆ ಹೊಡೆದುಕೊಳ್ಳುತ್ತದೆ.

ಫೋನ್ ಇರುವಾಗ ಇವಳೇಕೆ ಕಾಗದ ಬರೆಯುತ್ತಾಳೆ ಅನ್ನಬಹುದು. ಫೋನಿನಲ್ಲಿ ನಾನು ಏನು ಹೇಳಿದರೂ ನೀನು "ಹೂಂ ಅಮ್ಮ, ನೋಡೋಣ" ಅನ್ನುತ್ತೀಯ. ಇಲ್ಲ ಅನ್ನುವವನ ಜೊತೆ ವ್ಯಾಪಾರ ಕುದುರಿಸುವುದು ನನಗೆ ಬರುತ್ತದೆ, ಹೂಂ ಅನ್ನುವವನ ಜೊತೆ ಬರುವುದಿಲ್ಲ. ನಮ್ಮ ಪಕ್ಕದ ಮನೆಯ ಹ್ಯೂಬರ್ಟ್ ಅವರ ಮಗಳು ಹೇಜಲ್, ರಿವರ್‌ಸೈಡಿನ ಆಫೀಸಿನಲ್ಲಿದ್ದಾಳಲ್ಲ, ಅವಳು ಚಿಕ್ಕಮ್ಮನ ಮಗಳ ಮದುವೆಗೆಂದು ಭಾನುವಾರ ಹೊರಟಿದ್ದಾಳೆ. ಬೆಂಗಳೂರಿನಲ್ಲಿ ಇಳಿದು ಮಂಗಳೂರಿಗೆ ಹೋಗುತ್ತಾಳೆ. ಅತ್ತೆಯ ಮಗ ಹರ್ಷ ಅಂಗಡಿ ಕೆಲಸಕ್ಕೆ ಹೇಗೂ ಬೆಂಗಳೂರಿಗೆ ಬರುತ್ತಾನಂತೆ, ಅವನ ಕೈಗೆ ಕೊಡುತ್ತಾಳೆ. ನೀನು ದಾವಣಗೆರೆಯಲ್ಲಿ ಐದನೇ ಕ್ಲಾಸಿನವರೆಗೆ ಕನ್ನಡ ಓದಿದವನು. ಒತ್ತಕ್ಷರ ಬಂದಲ್ಲಿ ನಿಧಾನಿಸು. ತೀರಾ ಕಷ್ಟವಾದರೆ ಅತ್ತೆಯ ಕೈಲಿ ಓದಿಸು. ಅವಳಿಗೆ ಬೇರೆಯವರ ಕಾಗದ ಓದುವುದೆಂದರೆ ಹಬ್ಬ.

ವಿಷಯಕ್ಕೆ ಬರುತ್ತೇನೆ. ನೀನು ಅಲ್ಲಿಂದ ಕಳಿಸಿದ ರಾಜೀನಾಮೆಯನ್ನು ಕಿಶನ್ ಭಾಯಿ ಇನ್ನೂ ಬೇಸ್‌ಬಾಲ್ ಕ್ಲಬ್ಬಿನ ಕಮಿಟಿಯ ಮುಂದೆ ಇಟ್ಟಿಲ್ಲ. ನಾಡಿದ್ದು ಶನಿವಾರದ ಸಭೆಯಲ್ಲಿ ಇಡಲೇಬೇಕಂತೆ. "ಭಾಭೀಜಿ, ಅಧ್ಯಕ್ಷನಾಗಿ ಇನ್ನೆಷ್ಟು ದಿನ ಸುಳ್ಳು ಕೆಮ್ಮು ಕೆಮ್ಮಲಿ" ಎಂದ. ಇಟ್ಟ ಕೂಡಲೇ ನಿನ್ನ ಕೋಚ್ ಕೆಲಸ ಹೋಯಿತು. ಈ ಕಾಗದ ನಿನಗೆ ಸಿಗುವ ಹೊತ್ತಿಗೆ ಅದು ಮುಗಿದ ಮಾತಾಗಿರುತ್ತದೆ. ಅದನ್ನು ತಡೆಯಲು ನಾನು ಬರೆಯುತ್ತಿಲ್ಲ. ಕೆಲಸ ಹೋಗುವುದು ಬೇರೆ, ನೀನು ಆಟವನ್ನೇ ಬಿಟ್ಟು ಹೋಗುವುದು ಬೇರೆ. ಹರ್ಷನ ಜಿಮ್ ಸಾಮಾನಿನ ಅಂಗಡಿಗೆ ಮ್ಯಾನೇಜರ್ ಆಗುತ್ತೀಯಂತೆ. ಅಂಗಡಿ ಚೆನ್ನಾಗಿಯೇ ಇರಬಹುದು. ಅಂಗಡಿಯನ್ನು ಕೀಳಾಗಿ ಕಾಣುವ ಜಾತಿಯವಳು ನಾನಲ್ಲ, ನನ್ನ ಅನ್ನವೇ ಅದು. ಆದರೆ ಓಡಿ ಬಂದು ಸೇರಿಕೊಳ್ಳುವ ಜಾಗ ಅಂಗಡಿಯಲ್ಲ. ಓಡಿ ಬಂದವರನ್ನು ಗಿರಾಕಿ ಬಾಗಿಲಲ್ಲೇ ಗುರುತಿಸುತ್ತಾನೆ. ನೀನು ಹೋಗುವುದಾದರೆ ಇಲ್ಲಿ ಏನು ಬಿಟ್ಟು ಹೋಗುತ್ತಿದ್ದೀಯ ಎಂದು ತಿಳಿದು ಹೋಗು. ನನ್ನದು ಇಷ್ಟೇ.

ನನಗೆ ಗೊತ್ತಿರುವುದನ್ನೇ ಬರೆಯುತ್ತಾಳೆ ಅನ್ನಬೇಡ. ನೀನು ಒಳಗೆ ನಿಂತು ಕಂಡದ್ದು, ನಾನು ಬೇಲಿಯ ಹೊರಗೆ ಕೂತು ಕಂಡದ್ದು. ಇಲ್ಲಿಗೆ ಬಂದ ಹೊಸದರಲ್ಲಿ ನೀನು ಕ್ರಿಕೆಟ್ಟಿಗೆ ಹೋಗುತ್ತಿದ್ದೆ. ಬ್ಯಾಟು ಯಾರ ಮನೆಯದೋ ಬ್ಯಾಟಿಂಗ್ ಅವರದ್ದೇ. ನಮ್ಮ ಮನೆಯಲ್ಲಿ ಬ್ಯಾಟಿರಲಿಲ್ಲ, ಹಾಗಾಗಿ ನಿನ್ನನ್ನು ಹೊಡೆಯುವವನ ಮೂಗಿನ ಕೆಳಗೆ ನಿಲ್ಲಿಸುತ್ತಿದ್ದರು. ಬೇರೆಯವರು ಪೆಟ್ಟು ತಿಂದು ಅಳುತ್ತ ಬಂದ ಜಾಗದಿಂದ ನೀನು ಚೆಂಡು ಹಿಡಿದುಕೊಂಡು ಬರುತ್ತಿದ್ದೆ. ಅಪ್ಪ ತೀರಿಕೊಂಡ ವರ್ಷವೇ ಓಕುಡಾ ಸಾನ್ ನಿನ್ನನ್ನು ಕಂಡದ್ದು. ಗಿಗಿರಿಯ ಕಡೆ ಕೆಲಸಕ್ಕಿದ್ದ ಜಪಾನಿ ಇಂಜಿನಿಯರ್, ಭಾನುವಾರ ಮಕ್ಕಳಿಗೆ ಬೇಸ್‌ಬಾಲ್ ಕಲಿಸುತ್ತಿದ್ದ. ನಮ್ಮ ಮನೆಗೆ ಬಂದು ಸೋಫಾದ ತುದಿಯಲ್ಲಿ ಕೂತು, ಇಂಗ್ಲಿಷ್ ಸಾಲದೆ, ನಿನ್ನ ಎರಡೂ ಕೈಗಳನ್ನು ಎತ್ತಿ ನನಗೆ ತೋರಿಸಿದ, ನಾನು ಅವನ್ನು ಮೊದಲ ಸಲ ನೋಡುತ್ತಿದ್ದೇನೇನೋ ಎಂಬ ಹಾಗೆ. ನಾನು ಆಗ ಅಪ್ಪ ಕೆಲಸಕ್ಕಿದ್ದ ಔಷಧಿ ಕಂಪನಿಯ ಕೆಲಸಗಾರರಿಗೆ ಓವರಾಲ್ ಹೊಲಿದು ಕೊಡಲು ಶುರು ಮಾಡಿದ್ದೆ. ಒಬ್ಬ ಗಂಡಸು ಬಂದು ನನ್ನ ಮಗನಿಗೆ ಬುದ್ಧಿಯಿದೆ ಅನ್ನದೆ ಕೈಯಿದೆ ಅಂದಿದ್ದು ನನಗೆ ಸರಿಯಾಗಿಯೇ ಕೇಳಿಸಿತು. ಕೈಯಿಂದ ಬದುಕುವುದು ಏನೆಂದು ಆ ಹೊತ್ತಿಗೆ ನಾನೂ ಕಲಿಯುತ್ತಿದ್ದೆನಲ್ಲ.

ಹತ್ತೊಂಬತ್ತಕ್ಕೆ ಜಪಾನಿಗೆ ಹೋದೆ. ಸಮುದ್ರದಂಚಿನ ಆ ಸಣ್ಣ ಊರಿನ ತಂಡ, ಸಣ್ಣ ಲೀಗು. ಬೆಳಗ್ಗೆ ಕಿತ್ತಳೆ ತೋಟದಲ್ಲಿ ದುಡಿತ, ಮಧ್ಯಾಹ್ನ ಅಭ್ಯಾಸ, ಸಂಜೆ ಆಟ. ಆದರೂ ಆಡಿದ್ದಕ್ಕೆ ಸಂಬಳ ಕೊಡುತ್ತಿದ್ದರು, ಆದ್ದರಿಂದ ನೀನು ಪ್ರೊಫೆಶನಲ್. ಈ ಮಾತನ್ನು ನಾನು ಸೌತ್ ಸಿ ಮಹಿಳಾ ಮಂಡಳಿಯಲ್ಲಿ ಎಷ್ಟು ಸಲ ಹೇಳಿದ್ದೇನೋ ದೇವರೇ ಬಲ್ಲ. ಬ್ಯಾಟಿಂಗ್ ನಿನ್ನದು ಸಾಧಾರಣ, ತಾಯಿಯೆಂದು ಸುಳ್ಳು ಹೇಳಲಾರೆ. ಎರಡನೇ ಬೇಸಿನ ಹತ್ತಿರ ನಿಂತು, ನೆಲ ಕಚ್ಚಿಕೊಂಡು ಬರುವ ಚೆಂಡನ್ನು ಬಾಗಿ ಎತ್ತಿ ಎಸೆಯುವುದರಲ್ಲಿ ನಿನ್ನ ಹೆಸರು. ಒಂದು ಸಲ ಬಂದು ನೋಡಿದೆನಲ್ಲ. ಸೀರೆಯುಟ್ಟು ಕಲ್ಲುಮೆಟ್ಟಿಲ ಮೇಲೆ ಕೂತಿದ್ದೆ. ಆ ಊರಿನ ಅಜ್ಜಿಯರು ನನಗೆ ಬಾರ್ಲಿ ಚಹಾ ಕೊಟ್ಟು, ನಿನ್ನನ್ನು ಹೆತ್ತದ್ದಕ್ಕೆ ತಲೆ ಬಾಗಿಸಿ ವಂದಿಸಿದರು. ಆಟಕ್ಕಿಂತ ನನಗೆ ನೆನಪಿರುವುದು ಅಭ್ಯಾಸ. ನಿಮ್ಮ ಮುದಿ ಕೋಚ್ ತೆಳ್ಳನೆಯ ಉದ್ದ ಬ್ಯಾಟಿನಿಂದ ಚೆಂಡು ಹೊಡೆಯುತ್ತಲೇ ಇದ್ದ. ನೀನು ಎಡಕ್ಕೆ ಬೀಳು, ಏಳು, ಬಲಕ್ಕೆ ಬೀಳು, ಏಳು. ನಿಲ್ಲಿಸು ಎಂದು ನಾನು ಎದ್ದು ಹೋಗಬೇಕೆಂದಿದ್ದೆ. ಆಮೇಲೆ ನೀನು ಅವನ ಮಾತನ್ನು ನನಗೆ ಕನ್ನಡದಲ್ಲಿ ಹೇಳಿದೆ: "ಕೈಗೆ ಯೋಚನೆ ಬರಬಾರದು ಅಮ್ಮ, ಬಂದರೆ ತಡ ಆಯ್ತು ಅಂತ." ಅದು ನನಗೆ ಅರ್ಥವಾಯಿತು. ಮಷೀನು ಜೋರಾಗಿ ಓಡುವಾಗ ಬೆರಳಿನ ಬಗ್ಗೆ ಯೋಚಿಸಿದವಳ ಬೆರಳಿಗೇ ಸೂಜಿ ಇಳಿಯುವುದು.

ನಿನ್ನ ಬದುಕು ನಾನು ಓದಿದ್ದು ನಿನ್ನ ಪ್ಯಾಂಟುಗಳಲ್ಲಿ. ವರ್ಷಕ್ಕೊಮ್ಮೆ ನೀನು ಊರಿಗೆ ಬಂದಾಗ ಬ್ಯಾಗಿನಿಂದ ಹರಿದ ಪ್ಯಾಂಟು ತೆಗೆದು ನನ್ನ ಮುಂದೆ ಹಾಕುತ್ತಿದ್ದೆ. ಮೊದಮೊದಲು ಎರಡೂ ಮೊಣಕಾಲು ಒಂದೇ ಸಮ ಸವೆದಿರುತ್ತಿದ್ದವು. ಒಂದು ವರ್ಷ ಎಡಗಡೆಯ ಬಟ್ಟೆ ಹೊಸದರಂತೆ ಇತ್ತು, ಬಲಗಡೆ ಚಿಂದಿ. ಇವನು ಎಡಗಾಲನ್ನು ಕಾಪಾಡಿಕೊಳ್ಳುತ್ತಿದ್ದಾನೆ ಎಂದುಕೊಂಡೆ. ನೀನು ಬಾಯಿ ಬಿಡಲಿಲ್ಲ, ನಾನು ತೇಪೆ ಹಾಕಿದೆ. ಎರಡು ಸೀಸನ್ನು ಕಳೆದ ಮೇಲೆ ತಂಡದವರು ನಿನಗೆ ಕೈ ಕುಲುಕಿ ಕಳಿಸಿಕೊಟ್ಟರು. ಇಲ್ಲಿ ಬಂದು ಕೋಚ್ ಆದೆ. ಕೋಚ್‌ನ ಪ್ಯಾಂಟಿಗೆ ಮೊಣಕಾಲಿನ ಖರ್ಚಿಲ್ಲ ಎಂದು ನಾನು ನೆಮ್ಮದಿಯಾಗಿದ್ದೆ. ಆದರೆ ನಿನ್ನ ಜೇಬುಗಳು ಹರಿಯತೊಡಗಿದವು. ಎರಡೂ ಜೇಬಿನ ಬಾಯಿ ಕಿತ್ತು ಬರುತ್ತಿದ್ದವು, ತಿಂಗಳು ತಿಂಗಳೂ. ಕೈಗಳನ್ನು ಒಳಗೆ ತುರುಕಿಕೊಂಡು ನಿಲ್ಲುತ್ತಿದ್ದೆ, ಅವು ಎಲ್ಲಿ ಓಡಿ ಹೋಗುತ್ತವೋ ಎಂಬಂತೆ. ಆಗಲೇ ನಾನು ಲೆಕ್ಕ ಹಾಕಬೇಕಿತ್ತು. ಜೇಬಿಗೆ ಡಬಲ್ ಹೊಲಿಗೆ ಹಾಕಿ ಸುಮ್ಮನಾದೆ.

ಇನ್ನು ಆ ದಿನದ ವಿಷಯ. ಕೋಕಿಲಾ ಅತ್ತೆಗೆ ಯಾರೋ ನೀನು ಮೋಸದಾಟ ಆಡಿ ಸಿಕ್ಕಿಬಿದ್ದೆ ಎಂದು ಹೇಳಿದ್ದಾರಂತೆ. ಅವಳಿಗೂ ತಿಳಿಯಲಿ ಎಂದು ಬಿಡಿಸಿ ಬರೆಯುತ್ತೇನೆ. ಜೂನ್ ತಿಂಗಳ ಫೈನಲ್, ಕಂಪಾಲಾದಿಂದ ಬಂದ ತಂಡದ ಮೇಲೆ. ಗೆದ್ದವರಿಗೆ ಜೋಹಾನ್ಸ್‌ಬರ್ಗ್‌ನ ಟೂರ್ನಿ. ಕೊನೆಯ ಸರದಿ, ನಮ್ಮವರು ಒಂದೇ ಒಂದು ರನ್ನು ಹಿಂದೆ, ಇನ್ನೊಬ್ಬ ಔಟಾದರೆ ಆಟ ಮುಗಿಯಿತು. ಓಡುತ್ತಿದ್ದವನು ಕ್ಯಾಪ್ಟನ್ ಒಕೊತ್. ಕೋಕಿಲಾ, ನಿನಗೆ ಗೊತ್ತಿರಲಿ, ಒಕೊತ್ ಅಂದರೆ ನಮ್ಮ ಸೌತ್ ಸಿ ರೂಟಿನಲ್ಲಿ ಮಟಾಟು, ಅಂದರೆ ಬಾಡಿಗೆ ವ್ಯಾನು, ಓಡಿಸುವವನು. ಮೂವತ್ತು ದಾಟಿದೆ, ದೇಶ ಬಿಟ್ಟು ಹೊರಗೆ ಕಾಲಿಟ್ಟವನಲ್ಲ, ಆ ಟೂರ್ನಿಗಾಗಿಯೇ ಮೊದಲ ಸಲ ಪಾಸ್‌ಪೋರ್ಟ್ ಮಾಡಿಸಿದ್ದ. ಓಡುವವನು ಮೂರು ಬೇಸು ಮುಟ್ಟಿ, ಮನೆ ಎನ್ನುವ ನಾಲ್ಕನೆಯದನ್ನು ತಲುಪಿದರೆ ಒಂದು ರನ್ನು. ಮೂರನೇ ಬೇಸಿನ ಹೊರಗೆ ಸುಣ್ಣದಲ್ಲಿ ಎಳೆದ ಒಂದು ಚೌಕವಿರುತ್ತದೆ. ಓಡಿ ಬರುವವನಿಗೆ ನಿಲ್ಲು, ಓಡು ಎಂದು ಕೈ ಮಾಡುವುದು ಅದರಲ್ಲಿ ನಿಂತ ಕೋಚ್‌ನ ಕೆಲಸ. ಆಟ ನಡೆಯುವಾಗ ಚೆಂಡಿಗೆ ಅವನು ಕೈ ಹಾಕುವಂತಿಲ್ಲ. ಒಕೊತ್ ಮೂರನೇ ಬೇಸಿಗೆ ಬಂದ. ದೂರದಿಂದ ಎಸೆದ ಚೆಂಡು ಅವರ ಆಟಗಾರನ ಕೈತಪ್ಪಿ ನೆಲ ಕಚ್ಚಿಕೊಂಡು, ಸುಜೂ, ಆ ಚೌಕದಲ್ಲಿದ್ದ ನಿನ್ನ ಕಡೆಗೆ ಬಂತು. ನೀನು ಬಾಗಿದೆ. ಎತ್ತಿದೆ. ಸೊಂಟ ತಿರುಗಿಸಿ, ಮೊಣಕೈ ಎತ್ತಿ, ಎಸೆಯಲು ಸಿದ್ಧನಾದೆ. ಆಮೇಲೆ ನಿನಗೆ ನೀನು ಯಾರೆಂದು ನೆನಪಾಯಿತು. ಕೈ ಬಿಚ್ಚಿದೆ, ಚೆಂಡು ನಿನ್ನ ಬೂಟಿನ ಮೇಲೆ ಬಿತ್ತು. ಅಷ್ಟರಲ್ಲಿ ಒಕೊತ್ ಮನೆ ಮುಟ್ಟಿ ಕೈಯೆತ್ತಿ ಕುಣಿಯುತ್ತಿದ್ದ. ನಮ್ಮ ಕಡೆಯವರೆಲ್ಲ ಎದ್ದು ನಿಂತಿದ್ದರು.

ಕಂಪಾಲಾದವರು ಕೂಗಾಡಿದರು. ಒಬ್ಬ ಅಂಪೈರ್ ಒಕೊತ್‌ನನ್ನು ನೋಡುತ್ತಿದ್ದ, ಇನ್ನೊಬ್ಬ ಹೊಡೆದವನನ್ನು ನೋಡುತ್ತಿದ್ದ, ನಿನ್ನನ್ನು ಸರಿಯಾಗಿ ಯಾರೂ ಕಂಡಿರಲಿಲ್ಲ. ಹಿರಿಯ ಅಂಪೈರ್, ಆ ಮಚಾಕೋಸ್ ಕಡೆಯ ಮೇಷ್ಟರು, ನಿಧಾನವಾಗಿ ನಿನ್ನ ಹತ್ತಿರ ನಡೆದು ಬಂದರು. ನಾನು ಬೇಲಿಗೆ ಅಂಟಿಕೊಂಡೇ ನಿಂತಿದ್ದೆ, ಪ್ರತಿ ಮಾತೂ ಕೇಳಿಸಿತು. "ಕೋಚ್, ಚೆಂಡು ನಿಮಗೆ ತಾಗಿತೋ, ನೀವು ಹಿಡಿದಿರೋ?" ತಾಗಿದರೆ ತಪ್ಪಿಲ್ಲ, ಆಟ ನಡೆದ ಹಾಗೇ ನಡೆಯುತ್ತದೆ. ಹಿಡಿದರೆ ಓಡುವವನು ಔಟು. ಆ ಮೇಷ್ಟರು ಬಾಗಿಲು ತೆರೆದು, ಪಕ್ಕಕ್ಕೆ ಸರಿದು ನಿಂತಿದ್ದರು, ನೀನು ದಾಟಿದರೆ ಸಾಕಿತ್ತು. ತಾಗಿತು ಅನ್ನು, ತಾಗಿತು ಅನ್ನು ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ; ಬೇಲಿಯ ಈಚೆಗಿದ್ದ ಯಾವ ತಾಯಿಯಾದರೂ ಅದನ್ನೇ ಬೇಡುತ್ತಿದ್ದಳು. ನೀನು ಸ್ವಲ್ಪ ಹೊತ್ತು ನಿನ್ನ ಅಂಗೈ ನೋಡಿಕೊಂಡೆ. "ನಾನೇ ಹಿಡಿದೆ ಸರ್" ಎಂದೆ. ಅಷ್ಟೇ. ಒಕೊತ್ ಔಟು, ಆಟ ಮುಗಿಯಿತು. ಆ ರನ್ನು ಸಿಕ್ಕಿದ್ದರೆ ಗೆದ್ದೇ ಬಿಡುತ್ತಿದ್ದೆವು ಎಂದು ನಾನು ಹೇಳುವುದಿಲ್ಲ, ಸಮ ಆಗುತ್ತಿತ್ತು. ಆದರೆ ಸಮವಾದ ಆಟದಲ್ಲಿ ಆಸೆಯಿರುತ್ತದೆ.

ಮೋಸ ಎಲ್ಲಿ ಬಂತು, ಕೋಕಿಲಾ? ಮೋಸ ಮಾಡುವ ಬುದ್ಧಿಯಿದ್ದರೆ ಇವನು ಈ ಹೊತ್ತಿಗೆ ಜೋಹಾನ್ಸ್‌ಬರ್ಗ್‌ಗೆ ಹೋಗಿ ಬಂದಿರುತ್ತಿದ್ದ. ಕಿಶನ್ ಭಾಯಿಗೂ ಸಿಟ್ಟಿರುವುದು ಅದಕ್ಕೇ. ಹಾರ್ಡ್‌ವೇರ್ ಅಂಗಡಿ ನಡೆಸಿ ಮುದುಕನಾದವನು, ನನಗೆ ಅವನ ಲೆಕ್ಕ ತಿಳಿಯುತ್ತದೆ. "ಹಿಡಿದದ್ದು ಕೈ ತಪ್ಪು, ಕ್ಷಮಿಸಿಬಿಡೋಣ. ಆದರೆ ಯಾರೂ ನೋಡದ್ದನ್ನು ಯಾಕೆ ಹೇಳಬೇಕಿತ್ತು ಭಾಭೀಜಿ? ಅದು ಅವನೊಬ್ಬನ ರನ್ನೇ?" ಎಂದು ನಮ್ಮ ಶೆಡ್ಡಿಗೇ ಬಂದು ಕೇಳಿದ. ಸುಜೂ, ಬೇರೆಯವರ ಆಸೆಯನ್ನು ನಿನ್ನ ಸತ್ಯಕ್ಕೆ ಕೊಟ್ಟೆ, ಅವರನ್ನು ಕೇಳದೆ. ಅದು ದೊಡ್ಡದೂ ಹೌದು, ಭಾರವೂ ಹೌದು. ಅವನಿಗೆ ಚಹಾ ಕುಡಿಸಿ ಕಳಿಸಿದೆ.

ಇಷ್ಟು ಹೊತ್ತು ಅತ್ತೆ ಓದುತ್ತಿದ್ದರೆ, ಕೋಕಿಲಾ, ದಯವಿಟ್ಟು ಕಾಗದ ಅವನ ಕೈಗೆ ಕೊಟ್ಟು ಒಳಗೆ ಹೋಗು. ಇನ್ನು ಮುಂದಿನದು ನಾನು ಮಗನಿಗೆ ಬರೆಯುವುದು.

ಸುಜೂ, ನೀನು ಮಾಡಿದ ತಪ್ಪಿಗೆ ನಾಚಿ ಓಡಿ ಹೋದೆ ಎಂದು ಎಲ್ಲರೂ ತಿಳಿದಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ನಾನು ಬೇಲಿಯ ಹತ್ತಿರ ಇದ್ದೆ, ನಿನ್ನ ಮುಖ ಕಂಡೆ. ಚೆಂಡು ನಿನ್ನ ಕೈ ಸೇರಿದ ಗಳಿಗೆಯಲ್ಲಿ, ಅದನ್ನು ಬಿಡುವ ಮೊದಲು, ನಿನ್ನ ಮುಖದಲ್ಲಿ ಗಾಬರಿ ಇರಲಿಲ್ಲ. ಸಂತೋಷ ಇತ್ತು. ನೀನು ಜಪಾನಿನಿಂದ ಮರಳಿದ ಮೇಲೆ ನಾನು ಕಾಣದ ಮುಖ ಅದು. ಮೂಗಿನ ಕೆಳಗೆ ನಿಂತು ಚೆಂಡು ಹಿಡಿದುಕೊಂಡು ಮನೆಗೆ ಓಡಿ ಬರುತ್ತಿದ್ದವನ ಮುಖ. ತಂಡ ಸೋಲುವ ಹೊತ್ತಿನಲ್ಲಿ ಕೋಚ್ ಸಂತೋಷ ಪಟ್ಟ. ನಿನ್ನನ್ನು ಕೊರೆಯುತ್ತಿರುವುದು ಅದು ಎಂದು ನನ್ನ ಅನುಮಾನ. ಹೌದೋ ಅಲ್ಲವೋ ನೀನು ಹೇಳಬೇಕಾಗಿಲ್ಲ. ನಾನು ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲ. ಆದರೆ ಒಬ್ಬರಿಗಾದರೂ ಗೊತ್ತು ಎಂದು ನಿನಗೆ ತಿಳಿದಿರಲಿ.

ನನ್ನದೇ ಒಂದು ಸಂಗತಿ ಹೇಳುತ್ತೇನೆ. ಒಂದು ಮಷೀನು ನಾಲ್ಕಾಗಿ, ಶೆಡ್ಡು ದೊಡ್ಡದಾಗಿ, ಹೊಲಿಯುವ ಫುಂಡಿಗಳು ತುಂಬಿಕೊಂಡ ಮೇಲೆ ನಾನು ಮಾಲಕಿಯಾದೆನಲ್ಲ. ಮೇಜು, ಕುರ್ಚಿ, ಕ್ಯಾಲ್ಕುಲೇಟರ್. ಬೆನ್ನು ನೋವು ಹೋಯಿತು, ಜೊತೆಗೆ ನಿದ್ದೆಯೂ ಹೋಯಿತು. ಸುಮ್ಮನೆ ಸುತ್ತಾಡುತ್ತ, ಯಾರದೋ ಕೈಯಿಂದ ಬಟ್ಟೆ ಕಿತ್ತುಕೊಂಡು, ಹೀಗಲ್ಲ ಹೀಗೆ ಎಂದು ನಾನೇ ಹೊಲಿದುಬಿಡುತ್ತಿದ್ದೆ. ಅವರು ಕೈಕಟ್ಟಿ ನಿಲ್ಲುತ್ತಿದ್ದರು. ಇಲ್ಲಿ ಅಮ್ಮನಿಗೆ ಮಾಮಾ ಅನ್ನುತ್ತಾರಲ್ಲ, ಒಂದು ದಿನ ಹಳೆಯ ಫುಂಡಿ ಎಲ್ಲರೆದುರು ಹೇಳಿದ: "ಮಾಮಾ ಸುಜಯ್, ಕುರ್ಚಿಯಲ್ಲಿ ಕೂರಿ, ಇಲ್ಲ ಮಷೀನಿನಲ್ಲಿ ಕೂರಿ. ನನ್ನ ತಲೆಯ ಮೇಲೆ ಕೂರಬೇಡಿ." ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಎರಡು ದಿನ ಶೆಡ್ಡಿಗೇ ಹೋಗಲಿಲ್ಲ. ಆಮೇಲೆ ಹೋಗಿ, ಕಾಲರು ನನ್ನದು, ಉಳಿದದ್ದು ನಿಮ್ಮದು ಎಂದೆ. ಇವತ್ತಿಗೂ ಕಾಲರು ನಾನೇ ಹಚ್ಚುತ್ತೇನೆ. ಮಾಲಕಿ ಕಾಲರು ಹಚ್ಚುವುದು ಲಾಭದ ಮಾತಲ್ಲ, ನಿದ್ದೆಯ ಮಾತು. ಅಂಥದ್ದೊಂದು ಮೂಲೆ ನೀನು ನಿನಗಾಗಿ ಇಟ್ಟುಕೊಳ್ಳಲಿಲ್ಲ. ಕೋಚ್ ಅಂದರೆ ಕೈ ಕಟ್ಟಿ ನಿಲ್ಲಬೇಕೆಂದು ನೀನೇ ಕಾನೂನು ಮಾಡಿಕೊಂಡೆ. ನಿನ್ನ ಅಪ್ಪನದೂ ಅದೇ ಜಾಯಮಾನ. ಬೇಡ ಅಂದರೆ ಪೂರ್ತಿ ಬೇಡ.

ಮೊನ್ನೆ ಮಂಗಳವಾರ ಒಕೊತ್ ಬಂದಿದ್ದ. ಮಟಾಟುವನ್ನು ಗೇಟಿನ ಹೊರಗೆ ನಿಲ್ಲಿಸಿ, ಪ್ಯಾಸೆಂಜರುಗಳು ಬೈಯುತ್ತಿದ್ದರೂ ಬಿಟ್ಟು, ಹರಿದ ಜರ್ಸಿ ಹಿಡಿದುಕೊಂಡು ಒಳಗೆ ಬಂದ. ಜರ್ಸಿ ಒಂದು ನೆಪ. ಅಷ್ಟು ಹೊಲಿಗೆ ಅವನ ಹೆಂಡತಿಯೂ ಹಾಕಬಲ್ಲಳು. ಭಾನುವಾರ ಅಭ್ಯಾಸ ನಡೆಸುತ್ತಿದ್ದಾರಂತೆ, ನಿನ್ನ ಆ ಉದ್ದ ಬ್ಯಾಟನ್ನು ಅವನೇ ಹಿಡಿಯುತ್ತಾನಂತೆ. "ನೆಲದ ಮೇಲೆ ಹೊಡೆಯೋಣ ಅಂದ್ರೆ ಆಕಾಶಕ್ಕೆ ಹೋಗುತ್ತೆ ಮಾಮಾ, ಹುಡುಗರು ಮಳೆಗೆ ಕಾದ ಹಾಗೆ ತಲೆಯೆತ್ತಿ ನಿಂತಿರ್ತಾರೆ" ಎಂದ. ನಾನು ಕೇಳಿಯೇ ಬಿಟ್ಟೆ: ನನ್ನ ಮಗನ ಮೇಲೆ ಸಿಟ್ಟಿದೆಯಾ? ಅವನು ಮೇಜಿನ ಮೇಲಿನ ಕತ್ತರಿಯನ್ನು ಎತ್ತಿ ಇಳಿಸಿದ. ಇದೆ ಎಂದ. ಚೆಂಡು ಹಿಡಿದದ್ದಕ್ಕಲ್ಲವಂತೆ. "ಏನಾದರೂ ಅಡ್ಡ ಬಂದ್ರೆ ನನ್ನ ಕಾಲು ತಾನಾಗಿ ಬ್ರೇಕ್ ಹುಡುಕುತ್ತೆ, ಅವನ ಕೈ ಚೆಂಡು ಹುಡುಕಿತು." ಅಂಪೈರಿಗೆ ಹೇಳಿದ್ದಕ್ಕೂ ಅಲ್ಲವಂತೆ, ಆ ಸಿಟ್ಟು ಒಂದು ವಾರ ಇತ್ತು, ಆಮೇಲೆ ಹೋಯಿತಂತೆ. ಅವನ ತಾಯಿ ಆ ಪಾಸ್‌ಪೋರ್ಟನ್ನು ಬಂದವರಿಗೆಲ್ಲ ತೋರಿಸುತ್ತಾಳಂತೆ, ಖಾಲಿ ಹಾಳೆಗಳನ್ನು ಒಂದೊಂದಾಗಿ ಮಗುಚಿ. ಸಿಟ್ಟು ಯಾವುದಕ್ಕೆಂದರೆ, ಮರುದಿನ ಬೆಳಗ್ಗೆ ಹುಡುಗರೆಲ್ಲ ಮೈದಾನಕ್ಕೆ ಬಂದಿದ್ದರು, ಸೋತ ಮರುದಿನವೂ ಬರಬೇಕು ಎಂದು ನೀನೇ ಕಲಿಸಿದ್ದೆಯಂತೆ. ನೀನು ಬರಲಿಲ್ಲ. ಹತ್ತು ಗಂಟೆಯವರೆಗೆ ಕಾದು, ಆಮೇಲೆ ನಿನ್ನ ಕೋಚ್ ಟೋಪಿಯನ್ನು ನೀನು ಕ್ಲಬ್ಬಿನ ಕಿಟಕಿಯಲ್ಲಿ ಬಿಟ್ಟು ಹೋಗಿರುವುದನ್ನು ಯಾರೋ ನೋಡಿದರಂತೆ. "ಗಾಡಿ ಕೆಟ್ಟರೆ ಡ್ರೈವರ್ ಮೊದಲು ಇಳಿದು ಓಡಿ ಹೋಗೋದಿಲ್ಲ ಮಾಮಾ. ನಿಂತು ಬೈಸಿಕೊಳ್ತಾನೆ." ಅಷ್ಟರಲ್ಲಿ ಹೊರಗೆ ಹಾರ್ನ್ ಹೊಡೆಯಲು ಯಾರೋ ಸೀಟಿಗೆ ಹತ್ತಿದ್ದರು, ಓಡಿದ.

ನಿನ್ನ ಪರವಾಗಿ ಒಂದು ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು, ನನ್ನ ಬಾಯಿ ನಿನಗೆ ಗೊತ್ತಲ್ಲ. ಆದರೆ ಅವನು ಹೇಳಿದ್ದರಲ್ಲಿ ಕಳೆಯಲು ನನಗೆ ಏನೂ ಸಿಗಲಿಲ್ಲ. ಹೂಡಿದ್ದೆಲ್ಲ ಮುಳುಗಿದವನು ಅವನು. ಮುಳುಗಿದ ಮೇಲೂ ಭಾನುವಾರ ಬೇಸುಗಳನ್ನು ಹೊತ್ತುಕೊಂಡು ಹೋಗಿ ಹಾಕುತ್ತಿದ್ದಾನೆ. ನೀನು ಕಳೆದುಕೊಂಡದ್ದು ಮುಖ. ಮುಖ ತೊಳೆದರೆ ಬರುತ್ತದೆ, ಎದುರಿಗೆ ನಿಂತರೆ ಮಾತ್ರ.

ಹರ್ಷನ ಅಂಗಡಿಗೆ ಸೇರುವುದಾದರೆ ಸೇರು. ನಾನು ಅಡ್ಡ ಬರುವುದಿಲ್ಲ, ಅಳುವುದೂ ಇಲ್ಲ. ನೀನು ಅಲ್ಲಿಯೇ ಇದ್ದು ಬಿಟ್ಟರೆ ನನ್ನ ಮನೆ ದೊಡ್ಡದಾಗುತ್ತದೆ ಅಷ್ಟೇ, ಮಷೀನಿನ ಸದ್ದು ಇದೆ. ಮದುವೆಯ ವಿಷಯ ಬರೆಯುವುದಿಲ್ಲ ಎಂದು ಅತ್ತೆಗೆ ಮಾತು ಕೊಟ್ಟಿದ್ದೇನೆ, ಆದ್ದರಿಂದ ಬರೆಯುತ್ತಿಲ್ಲ. ಹೇಜಲ್ ಕೈಯಲ್ಲಿ ಚಹಾಪುಡಿ, ಮಕಡೇಮಿಯಾ ಬೀಜ, ನಿನ್ನ ಮೊಣಕಾಲಿಗೆ ಉಣ್ಣೆಯ ಪಟ್ಟಿ ಕಳಿಸಿದ್ದೇನೆ. ಪಟ್ಟಿ ನಾನೇ ಹೊಲಿದದ್ದು, ಅಳತೆ ನೆನಪಿನಿಂದ ಹಾಕಿದ್ದೇನೆ, ಬಿಗಿಯಾದರೆ ಒಂದು ಕಡೆಯ ಹೊಲಿಗೆ ಬಿಚ್ಚು.

ಕೋಕಿಲಾಗೆ, ಹರ್ಷನಿಗೆ ನನ್ನ ನೆನಪುಗಳು. ಎಲ್ಲಿದ್ದರೂ ನಿನ್ನ ಕೈ ಕಾಲು ಗಟ್ಟಿಯಾಗಿರಲಿ, ಊಟ ಹೊತ್ತಿಗೆ ಸರಿಯಾಗಿ ಸಿಗಲಿ, ಮಲಗಿದರೆ ನಿದ್ದೆ ಬರಲಿ. ಇದಕ್ಕಿಂತ ದೊಡ್ಡ ಆಶೀರ್ವಾದ ನನಗೆ ಗೊತ್ತಿಲ್ಲ.

ನಿನ್ನ ಅಮ್ಮ,
ಜಯಮಾಲಾ

ಮರೆತದ್ದಲ್ಲ, ಈಗ ಬಂದದ್ದು: ಭಾನುವಾರ ಬೆಳಗ್ಗೆ ಬರೆಯುತ್ತಿದ್ದೇನೆ, ಹೇಜಲ್ ಸೂಟ್‌ಕೇಸ್ ಮುಚ್ಚದೆ ಕಾಯುತ್ತಿದ್ದಾಳೆ. ನಿನ್ನೆ ಕಮಿಟಿ ನಿನ್ನ ರಾಜೀನಾಮೆ ಒಪ್ಪಿತು. ಯಾರೂ ವಾದ ಮಾಡಲಿಲ್ಲವಂತೆ. ಒಕೊತ್‌ನನ್ನು ಕೋಚ್ ಮಾಡಿದ್ದಾರೆ. ಬೆಳಗ್ಗೆ ಮೈದಾನಕ್ಕೆ ಹೋಗುವ ಮೊದಲು ನನ್ನ ಹತ್ತಿರ ಬಂದು, ಇದನ್ನು ಬರೆಯಿರಿ ಮಾಮಾ ಎಂದು ನಿಂತುಕೊಂಡೇ ಹೇಳಿದ. ಮೂರನೇ ಬೇಸಿನ ಚೌಕದಲ್ಲಿ ಅವನು ನಿಲ್ಲುತ್ತಾನಂತೆ. ಬೇಸುಗಳ ಹತ್ತಿರ ನಿಲ್ಲುವ ಒಳಗಿನ ನಾಲ್ವರಿಗೆ ಚೆಂಡು ಹಿಡಿಯಲು ಕಲಿಸುವವನು ಬೇಕಂತೆ, ಅಂಚಿನಲ್ಲಿ ಅಲ್ಲ, ಅವರ ಜೊತೆ ಮಣ್ಣಿನಲ್ಲಿ ನಿಂತು ಕಲಿಸುವವನು. "ನಿನ್ನ ಕೈಕೆಳಗೋ?" ಎಂದು ನಾನು ಅವನನ್ನು ಕೇಳಿದೆ. ಅವನು ನಗಲಿಲ್ಲ. "ಹೌದು, ನನ್ನ ಕೈಕೆಳಗೆ. ಎಲ್ಲರ ಹಾಗೆ ಹೊತ್ತಿಗೆ ಸರಿಯಾಗಿ ಬರಬೇಕು" ಎಂದ. ಬರುವ ಭಾನುವಾರದವರೆಗೆ ಕಾಯುತ್ತಾನೆ, ಆಮೇಲೆ ಮೇರುವಿನಿಂದ ಬೇರೊಬ್ಬನನ್ನು ಕರೆಸುತ್ತಾನೆ. ನಿನ್ನ ಶಿಷ್ಯನ ಕೈಕೆಳಗೆ, ನಿನ್ನಿಂದ ಸೋತವನ ಕೈಕೆಳಗೆ ನಿಲ್ಲುವುದು ಸುಲಭ ಎಂದು ನಾನು ಹೇಳುವುದಿಲ್ಲ. ಉತ್ತರ ನನಗೆ ಬೇಡ, ಅವನಿಗೆ ಕೊಡು. ಫೋನ್ ಎತ್ತಿದ ಕೂಡಲೇ ಕೆಲಸದ ಮಾತು ತೆಗೆಯಬೇಡ. ಆ ಬೆಳಗ್ಗೆ ಬರದೆ ಹೋದದ್ದಕ್ಕೆ ಮೊದಲು ಬೈಸಿಕೋ.